ಬರಿದಾದ ಭರಣಿಗಳು

ಕೃತ್ತಿಕೆಯ ಮಳೆ ಇನ್ನೂ ಬಿದ್ದಿರುವುದಿಲ್ಲ; ಆದರೂ ಪುತ್ತೂರು, ಸುಳ್ಯ ಸೀಮೆಯ ತೋಟದ ಮನೆಗಳಲ್ಲಿ ಅದರ ಮುನ್ಸೂಚನೆಗಳು ಆಗಲೇ ಕಾಣಿಸಿಕೊಂಡಿರುತ್ತವೆ. ಸಂಜೆ ಮೂಡಣದ ಘಟ್ಟದ ಮೇಲೆ ಮೋಡ ಕವಿದು ಗುಡುಗುತ್ತದೆ. ಇರುವೆಗಳು ಮೊಟ್ಟೆ ಹೊತ್ತು ಗೋಡೆಯೇರುತ್ತವೆ. ಕತ್ತಲಾದ ಮೇಲೆ ತೋಟದ ಅಂಚಿನಲ್ಲಿ ಮಿಣುಕುಹುಳಗಳು ಹಾರತೊಡಗುತ್ತವೆ. ಹಿಂದಿನವರು ಇವನ್ನು ಕಂಡೊಡನೆ, ಬೆಳೆದು ಇನ್ನೂ ಹಣ್ಣಾಗದ ಹಲಸನ್ನು ಇಳಿಸಿ, ಸೊಳೆ ಬಿಡಿಸಿ, ಉಪ್ಪಿನೊಡನೆ ಭರಣಿಗೆ ತುಂಬಿ, ಮೇಲೆ ಭಾರವಿಟ್ಟು ಬಾಯಿ ಕಟ್ಟುತ್ತಿದ್ದರು. ಇಂದು ಎಷ್ಟೋ ಮನೆಗಳಲ್ಲಿ ಭರಣಿ ಅಟ್ಟದ ಮೇಲೆ ಬೋರಲಾಗಿದೆ. ಹಲಸು ಮರದ ಬುಡದಲ್ಲಿ ಕೊಳೆಯುತ್ತಿದೆ. ಆಷಾಢದಲ್ಲಿ ಅದೇ ಮನೆಯ ಯಜಮಾನರು ಕೊಡೆ ಹಿಡಿದು ಪೇಟೆಗೆ ಹೋಗಿ, ಘಟ್ಟದ ಮೇಲಿನಿಂದ ಲಾರಿಯಲ್ಲಿ ಬಂದ ಬಾಡಿದ ಎಲೆಕೋಸನ್ನು ಹಣ ತೆತ್ತು ತರುತ್ತಾರೆ. ಇದನ್ನೇ ಸುಧಾರಣೆಯೆಂದು ಬಗೆಯುವ ವಿದ್ಯಾವಂತರುಂಟು.

ಉಪ್ಪುಸೊಳೆಯು ಬಡತನದ ಕಾಲದ ಆಹಾರವೆಂಬುದು ಅವರ ವಾದ. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕು ಮಳೆ ಸುರಿಯುವ ನಾಡಿನಲ್ಲಿ, ತರಕಾರಿಯ ಬಳ್ಳಿ ಕೊಳೆತುಹೋಗುವ ತಿಂಗಳುಗಳಿಗಾಗಿ ಕಂಡುಕೊಂಡ ಉಪಾಯವಿದು. ಬಡವರ ಮನೆಯಲ್ಲಿಯೂ ಇತ್ತು, ಸಿರಿವಂತರ ಮನೆಯಲ್ಲಿಯೂ ಇತ್ತು. ಫ್ರಿಜ್ಜು ಇರುವಾಗ ಭರಣಿಯೇಕೆಂದು ಇನ್ನು ಕೆಲವರು ಕೇಳುತ್ತಾರೆ. ಗಾಳಿಗೆ ಮರ ಮುರಿದು ತಂತಿಯ ಮೇಲೆ ಬಿದ್ದರೆ ಹಳ್ಳಿಗೆ ದಿನಗಟ್ಟಲೆ ವಿದ್ಯುತ್ತಿಲ್ಲವೆಂಬುದನ್ನು ಅವರು ಮರೆತಂತಿದೆ. ಉಪ್ಪು ಸೊಳೆಯ ನೀರನ್ನು ಹೊರಗೆಳೆದು, ಕೊಳೆಯಿಸುವ ಸೂಕ್ಷ್ಮಜೀವಿಗಳು ಬೆಳೆಯದಂತೆ ತಡೆಯುತ್ತದೆ. ಅದಕ್ಕೆ ತಂತಿ ಬೇಡ. ಉಪ್ಪು ಹೆಚ್ಚೆಂಬ ವೈದ್ಯರ ಎಚ್ಚರಿಕೆಯನ್ನು ತಳ್ಳಿಹಾಕುವಂತಿಲ್ಲ. ಆದುದರಿಂದಲೇ ರಾತ್ರಿ ನೀರಿನಲ್ಲಿ ನೆನೆಯಿಟ್ಟು, ಹಿಂಡಿ, ಆಮೇಲೆ ಪಲ್ಯಕ್ಕೋ ರೊಟ್ಟಿಗೋ ಉಂಡಲಕಾಳಿಗೋ ಬಳಸುವ ಪದ್ಧತಿ ಬಂದಿದೆ.

ಈ ಎಲ್ಲ ವಾದಗಳಿಗಿಂತ ಬಲವಾದದ್ದು ಮನೆಯ ಹೆಂಗಸರು ಬಾಯಿಬಿಟ್ಟು ಹೇಳದ ಆಕ್ಷೇಪ. ಕೈಗೆ ಎಣ್ಣೆ ಸವರಿಕೊಂಡು, ಅಂಟುವ ಮೇಣದೊಡನೆ ಹೋರಾಡುತ್ತ, ನಡು ಬಾಗಿಸಿ ದಿನವಿಡೀ ಸೊಳೆ ಬಿಡಿಸಿದವರು ಅವರು. ಜಗಲಿಯಲ್ಲಿ ಎಲೆಯಡಿಕೆ ಮೆಲ್ಲುತ್ತ ಹಳೆಯ ರುಚಿಯನ್ನು ಹೊಗಳಿದವರು ಗಂಡಸರು. ಹಪ್ಪಳಕ್ಕೆ ಬಿಸಿಲು ಬೇಕು, ಸೊಳೆಗೆ ಬೆಳೆದ ಕಾಯಿ ಬೇಕು. ಮಳೆ ಹಿಡಿದರೆ ಎರಡೂ ಕೆಟ್ಟವು. ಇಷ್ಟು ಅವಸರದ ಕೆಲಸವನ್ನು ಇಬ್ಬರ ತಲೆಗೆ ಕಟ್ಟಿದ ಮೇಲೆ ಅವರು ಭರಣಿಯನ್ನು ಅಟ್ಟಕ್ಕೇರಿಸಿದರೆ ತಪ್ಪು ಯಾರದು? ಕಾಯಿ ಇಳಿಸುವುದು, ಸೀಳುವುದು, ಮೇಣ ಒರೆಸುವುದು, ಸೊಳೆ ಬಿಡಿಸುವುದು, ಇವುಗಳಲ್ಲಿ ಗಂಡಸರ ಕೈಗೆ ಆಗದ್ದು ಯಾವುದೂ ಇಲ್ಲ. ಸಂಪ್ರದಾಯ ಅಳಿಯಿತೆಂದು ಸಭೆಗಳಲ್ಲಿ ಮರುಗುವವರು ಮೊದಲು ಮಣೆಯೆಳೆದುಕೊಂಡು ಕುಳಿತುಕೊಳ್ಳಲಿ.

ಭರಣಿಯೊಡನೆ ಹೋಗುವುದು ರುಚಿಯೊಂದೇ ಅಲ್ಲ. ಯಾವ ಮರದ ಸೊಳೆ ಉಪ್ಪಿನಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ, ಯಾವುದು ಹಪ್ಪಳಕ್ಕೆ ಮಾತ್ರ ಸಲ್ಲುತ್ತದೆ, ಯಾವುದು ತುಳುವವಾದುದರಿಂದ ಎರಡಕ್ಕೂ ಬಾರದು ಎಂಬುದು ಅತ್ತೆಯಿಂದ ಸೊಸೆಗೆ ಬಂದ ತಿಳಿವಳಿಕೆ. ಅದು ಮರೆತ ದಿನ ಮರಕ್ಕೆ ಉಳಿಯುವ ಬೆಲೆ ನಾಟಾದ ಬೆಲೆ. ಬೀಜದಿಂದ ಹುಟ್ಟಿದ ಹಲಸು ತಾಯಿಮರದ ಗುಣವನ್ನೇ ತರುವುದೆಂಬ ಭರವಸೆಯಿಲ್ಲ. ಆದಕಾರಣ ಕಡಿದ ಮರ ಮತ್ತೆ ಬರುವುದಿಲ್ಲ. ಕೇರಳವು 2018ರಲ್ಲಿ ಹಲಸನ್ನು ರಾಜ್ಯಫಲವೆಂದು ಸಾರಿತು. ಪುತ್ತೂರಿನ ‘ಅಡಿಕೆ ಪತ್ರಿಕೆ’ ವರ್ಷಗಳಿಂದ ಹಲಸಿನ ಪರವಾಗಿ ಬರೆಯುತ್ತ ಬಂದಿದೆ. ಇವೆಲ್ಲ ಒಳ್ಳೆಯವೇ, ಆದರೆ ಬಿರುದಿನಿಂದ ಒಂದು ಭರಣಿಯೂ ತುಂಬದು. ರಬ್ಬರಿಗಾಗಿ ಗುಡ್ಡ ಬೋಳಿಸಹೊರಟ ಯಜಮಾನರು ನಾಟಾ ವ್ಯಾಪಾರಿಯನ್ನು ಕರೆಯುವ ಮೊದಲು, ಆ ಮರದ ಸೊಳೆ ಹೇಗಿತ್ತೆಂದು ಅಡಿಗೆಮನೆಯಲ್ಲಿ ಒಮ್ಮೆ ವಿಚಾರಿಸಲಿ; ಒಳ್ಳೆಯದಾಗಿತ್ತೆಂದರೆ ಕಡಿಯುವ ಮಾತನ್ನು ಬಿಟ್ಟು, ಕಸಿ ಕಟ್ಟಬಲ್ಲವನನ್ನು ಕರೆಸಲಿ.