ಮೊಂಡಾದ ಕೊಡಲಿ, ಸೋತ ಬ್ಯಾಟರಿ

ಸಂಗನಕಲ್ಲಿನ ಹಿರೇಗುಡ್ಡವನ್ನು ಏರಿದವರು ಬಂಡೆಗಳ ಮೇಲೆ ನುಣುಪಾದ ಉದ್ದನೆಯ ತಗ್ಗುಗಳನ್ನು ಕಂಡಿರುತ್ತಾರೆ. ಸುಮಾರು 3,500 ವರ್ಷಗಳ ಹಿಂದೆ ನವಶಿಲಾಯುಗದ ಜನ ಡಾಲರೈಟ್ ಕಲ್ಲಿನ ಕೊಡಲಿಗಳನ್ನು ಉಜ್ಜಿ ಮಸೆದ ಗುರುತುಗಳವು. ಅಂದಿನ ಅತ್ಯುತ್ತಮ ಉಪಕರಣವದು. ಬಾಯಿ ಮೊಂಡಾದರೆ ಒಡೆಯನೇ ಮತ್ತೆ ಮಸೆದುಕೊಳ್ಳಬಹುದಾಗಿತ್ತು.

ನನ್ನ ಜೇಬಿನಲ್ಲಿರುವ ಸ್ಮಾರ್ಟ್‌ಫೋನು ಅದರ ಕಂಪನಿಯ ಅತಿ ದುಬಾರಿ ಮಾದರಿ; ಕೊಂಡು ಐದು ವರ್ಷವಾಯಿತು. ಎರಡು ಬಾರಿ ಗದ್ದೆಯ ಕೆಸರಿಗೆ ಬಿದ್ದೆದ್ದಿದೆ. ಎಲೆಚುಕ್ಕೆ ರೋಗದ ಚಿತ್ರವನ್ನು ಇಂದಿಗೂ ಸ್ಪಷ್ಟವಾಗಿ ತೆಗೆಯುತ್ತದೆ. ಸೋತಿರುವುದು ಬ್ಯಾಟರಿ, ಮಧ್ಯಾಹ್ನದವರೆಗೂ ಬಾರದು. ಲಿಥಿಯಂ ಬ್ಯಾಟರಿಯು ಪ್ರತಿ ಚಾರ್ಜಿಗೂ ತುಸು ಸವೆಯುತ್ತದೆ, ಬಳ್ಳಾರಿಯಂತಹ ಬಿಸಿಲಿನಲ್ಲಿ ಇನ್ನೂ ಬೇಗ. ಇದು ರಸಾಯನಶಾಸ್ತ್ರ, ಯಾರ ತಪ್ಪೂ ಅಲ್ಲ. ಆದರೆ ಅದನ್ನು ಅಂಟು ಹಾಕಿ ಒಳಗೆ ಮುಚ್ಚಿದ್ದು, ಭದ್ರತಾ ಅಪ್‌ಡೇಟ್‌ಗಳನ್ನು ನಿಲ್ಲಿಸಿದ್ದು ಮನುಷ್ಯರ ತೀರ್ಮಾನ.

ಯುರೋಪ್ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಜಾರಿಗೆ ಬಂದ ನಿಯಮದಂತೆ, ಹೊಸ ಮಾದರಿಗಳ ಬ್ಯಾಟರಿ 800 ಚಾರ್ಜುಗಳ ನಂತರವೂ ಶೇ. 80ರಷ್ಟು ಸಾಮರ್ಥ್ಯ ಉಳಿಸಿಕೊಂಡಿರಬೇಕು. ಮಾರಾಟ ನಿಂತ ಮೇಲೂ 7 ವರ್ಷ ಮುಖ್ಯ ಬಿಡಿಭಾಗಗಳು ದೊರೆಯಬೇಕು. ನಮ್ಮ 2022ರ ಇ-ತ್ಯಾಜ್ಯ ನಿಯಮಗಳು ಮುಖ್ಯವಾಗಿ ಫೋನು ಕಸವಾದ ಮೇಲಿನ ಹೊಣೆಯನ್ನು ಹೇಳುತ್ತವೆ. ಕೋಲಾರದ ನರಸಾಪುರದಲ್ಲಿಯೇ ದುಬಾರಿ ಫೋನುಗಳು ಜೋಡಣೆಗೊಳ್ಳುತ್ತಿರುವಾಗ ದುರಸ್ತಿಯ ಹಕ್ಕು ನಮಗೇಕಿಲ್ಲ? ಪ್ರತಿ ಹೊಸ ಫೋನಿನ ತಾಮ್ರ, ಕೋಬಾಲ್ಟ್‌ಗಳಿಗಾಗಿ ಎಲ್ಲಿಯೋ ಯಾರದೋ ನೆಲವನ್ನು ಅಗೆಯಲಾಗುತ್ತದೆ. ಗಣಿಯ ಕೆಂಧೂಳನ್ನು ಕುಡಿದ ಜಿಲ್ಲೆಗೆ ಇದನ್ನು ವಿವರಿಸಬೇಕಿಲ್ಲ.

ಬಳ್ಳಾರಿಯ ದುರಸ್ತಿಗಾರರೊಬ್ಬರು ಹಿಂಬದಿಯ ಗಾಜನ್ನು ಕಾಯಿಸಿ ಬಿಡಿಸಿ ಹೊಸ ಬ್ಯಾಟರಿ ಕೂರಿಸಲು ಒಪ್ಪಿದ್ದಾರೆ. ಗಾಜು ಸೀಳಿದರೆ ಹೊಣೆ ನನ್ನದೇ ಎಂದಿದ್ದಾರೆ. ನಾನೂ ಒಪ್ಪಿದ್ದೇನೆ.