ಕೂಡಿ ಮಾಡುವ ಪ್ರಾರ್ಥನೆ

ಕ್ರೈಸ್ತ ಬಂಧುಗಳ ಮನೆಗಳಲ್ಲಿ ಈಚೆಗೆ ಭಾನುವಾರದ ಬೆಳಗಿನಲ್ಲಿ ಒಂದು ವಾದವು ಮೇಲಿಂದ ಮೇಲೆ ಕೇಳಿಬರುತ್ತಿರುವುದಷ್ಟೆ. ತಾಯಿಯು ಕೈಯಲ್ಲಿ ವೇದಪುಸ್ತಕವನ್ನೂ ಗೀತಗಳ ಪುಸ್ತಕವನ್ನೂ ಹಿಡಿದು ಬಾಗಿಲಲ್ಲಿ ನಿಂತಿರುತ್ತಾಳೆ. ಪಟ್ಟಣದಲ್ಲಿ ಉದ್ಯೋಗದಲ್ಲಿದ್ದು ರಜಕ್ಕೆ ಬಂದಿರುವ ಮಗನು ಹಾಸಿಗೆಯ ಮೇಲೆಯೇ ಕುಳಿತು, "ಅಮ್ಮಾ, ದೇವರು ಈ ಕೋಣೆಯಲ್ಲಿ ಇಲ್ಲವೇ? ನಾನು ಇಲ್ಲಿಯೇ ಪ್ರಾರ್ಥಿಸುವೆನು, ನೀನು ಹೋಗಿ ಬಾ" ಎನ್ನುತ್ತಾನೆ. ನಮ್ಮ ನೆರೆಮನೆಯಲ್ಲಿಯೂ ಹೀಗೆಯೇ ಆಯಿತು. ಆ ಮನೆಯ ತಾಯಿ ಒಂದು ಸಾಯಂಕಾಲ ನಮ್ಮ ಜಗಲಿಗೆ ಬಂದು, "ಮೇಷ್ಟ್ರೇ, ಅವನು ನಿಮ್ಮ ಕೈಯಲ್ಲಿ ಓದಿದವನು, ನೀವಾದರೂ ಒಂದು ಮಾತು ಹೇಳಿ" ಎಂದರು. ನಾವು ಅವರ ಮತದವರಲ್ಲ. ಪಂಚಾಂಗ ನೋಡಿ ಸಂಧ್ಯಾವಂದನೆ ಮಾಡುವ ಮನೆತನದವರು. ಆದಾಗ್ಯೂ ಪ್ರಶ್ನೆಯು ಎಲ್ಲ ಮನೆಗಳಿಗೂ ಸಂಬಂಧಿಸಿದುದಾದ್ದರಿಂದ, ಹುಡುಗನೊಬ್ಬನಿಗೆ ಹೇಳಬೇಕಾದುದನ್ನು ಈ ಪುಟದಲ್ಲಿಯೇ ಹೇಳುವುದು ಯುಕ್ತವೆಂದು ತೋರಿತು.

ತರುಣನ ವಾದವು ಹಗುರವಾದುದೆಂದು ಯಾರೂ ಎಣಿಸಬಾರದು. ಅದಕ್ಕೆ ಅವನ ಶಾಸ್ತ್ರದಲ್ಲಿಯೇ ಆಧಾರವುಂಟು. ಮತ್ತಾಯನ ಸುವಾರ್ತೆಯ ೬ನೆಯ ಅಧ್ಯಾಯದಲ್ಲಿ ಯೇಸುಸ್ವಾಮಿಯು, ಜನರ ಕಣ್ಣಿಗೆ ಬೀಳಲೆಂದು ಬೀದಿಯ ಮೂಲೆಗಳಲ್ಲಿ ನಿಂತು ಪ್ರಾರ್ಥಿಸುವವರನ್ನು ಖಂಡಿಸಿ, ಕೋಣೆಯನ್ನು ಹೊಕ್ಕು ಬಾಗಿಲನ್ನು ಮುಚ್ಚಿ ಗುಪ್ತವಾಗಿ ಪ್ರಾರ್ಥಿಸಬೇಕೆಂದು ಶಿಷ್ಯರಿಗೆ ವಿಧಿಸಿದ್ದಾನೆ. ಹೀಗಿರುವಲ್ಲಿ ಹುಡುಗನ ಪಕ್ಷವೇ ಗೆದ್ದಂತಾಯಿತಲ್ಲವೇ ಎಂದು ವಾಚಕರು ಕೇಳಬಹುದು. ಸ್ವಲ್ಪ ತಾಳಬೇಕು. ಅದೇ ಅಧ್ಯಾಯದಲ್ಲಿ, ಕೆಲವೇ ವಾಕ್ಯಗಳ ತರುವಾಯ, ಆತನು ಕಲಿಸಿಕೊಟ್ಟ ಪ್ರಾರ್ಥನೆಯನ್ನು ವೈಯಾಕರಣನ ಕಣ್ಣಿನಿಂದ ಒಮ್ಮೆ ನೋಡಬೇಕು. ಮೊದಲಿನಿಂದ ಕಡೆಯವರೆಗೆ ಅದರಲ್ಲಿ ಉತ್ತಮಪುರುಷದ ಏಕವಚನವು ಒಂದು ಸಲವೂ ಬರುವುದಿಲ್ಲ. ದೇವರನ್ನು ತಂದೆಯೆಂದು ಕರೆಯುವಲ್ಲಿಯೂ, ಆ ದಿನದ ಅನ್ನವನ್ನು ಬೇಡುವಲ್ಲಿಯೂ, ತಪ್ಪುಗಳ ಕ್ಷಮೆಯನ್ನು ಕೋರುವಲ್ಲಿಯೂ, ಕೇಡಿನಿಂದ ಬಿಡುಗಡೆಯನ್ನು ಯಾಚಿಸುವಲ್ಲಿಯೂ ಬಹುವಚನವೇ. ಬಾಗಿಲು ಮುಚ್ಚಿ ಒಬ್ಬನೇ ಕುಳಿತವನು ಕೂಡ, ಆ ಪ್ರಾರ್ಥನೆಗೆ ಬಾಯಿ ತೆರೆದ ಕೂಡಲೆ, ಊರನ್ನೆಲ್ಲ ಒಳಗೆ ಕರೆದುಕೊಂಡಂತಾಗುವುದು.

ನಮ್ಮ ಗಾಯತ್ರಿಯಲ್ಲಿಯೂ ಇದೇ ಮರ್ಯಾದೆ. ಜಪಿಸುವವನು ನದಿಯ ದಡದಲ್ಲಿ ಒಂಟಿಯಾಗಿ ಕುಳಿತಿದ್ದರೂ ಆತನು ಪ್ರಚೋದನೆಯನ್ನು ಬೇಡುವುದು ತನ್ನೊಬ್ಬನ ಬುದ್ಧಿಗಲ್ಲ; 'ನಃ' ಎಂಬ ಶಬ್ದವು ನಮ್ಮೆಲ್ಲರ ಎಂಬ ಅರ್ಥವನ್ನು ಕೊಡುವುದು. ಋಗ್ವೇದದ ಕಟ್ಟಕಡೆಯ ಸೂಕ್ತವಂತೂ ಜನರ ಐಕಮತ್ಯವನ್ನೇ ವಿಷಯವಾಗಿ ಉಳ್ಳದ್ದು. ಇಲ್ಲಿ ಪ್ರಸಂಗವಶಾತ್ ಒಂದು ಮಾತು: ಈ ಅಂಕಣದಲ್ಲಿ ನಾವು ಬಳಸುವ 'ನಾವು' ಒಬ್ಬ ಮುದುಕ ಉಪಾಧ್ಯಾಯನು ಹೊದ್ದ ಶಾಲು ಮಾತ್ರ, ಅದರ ಒಳಗೆ ಎರಡನೆಯವನಿಲ್ಲ. ಪ್ರಾರ್ಥನೆಯ 'ನಾವು' ಅಂಥದಲ್ಲ. ಅದರೊಳಗೆ ನಿಜವಾಗಿಯೂ ಜನರಿರಬೇಕು. ಅವರನ್ನು ವಾರಕ್ಕೊಮ್ಮೆಯಾದರೂ ಕಣ್ಣಾರೆ ಕಾಣದೆ ಹೋದರೆ ಆ ಸರ್ವನಾಮವು ಬರಿದಾದ ಪಾತ್ರೆಯಂತೆ ಸದ್ದು ಮಾಡೀತು.

ಹಾಗೆಂದು ಸಭೆಯಲ್ಲಿ ನಡೆಯುವುದೆಲ್ಲವೂ ಭಕ್ತಿಯೇ ಎಂದು ನಾವು ಹೇಳಲಾರೆವು. ಹೊಸ ಸೀರೆಯ ಅಂಚನ್ನು ಎಣಿಸುವವರು ಅಲ್ಲಿಯೂ ಉಂಟು, ಪ್ರಸಂಗದ ನಡುವೆ ತೂಕಡಿಸುವವರು ಉಂಟು, ರಾಗವನ್ನು ಬಿಟ್ಟು ಬೇರೊಂದು ದಾರಿಯಲ್ಲಿ ಹಾಡುವ ಹಿರಿಯರೂ ಉಂಟು. ನಮ್ಮ ದೇವಸ್ಥಾನಗಳಲ್ಲಿ ಇವರ ಸಂಖ್ಯೆಯು ಕಡಿಮೆಯೆಂದು ಹೇಳಲು ನಮಗೆ ಧೈರ್ಯವಿಲ್ಲ. ಜನ ಸೇರಿದಲ್ಲಿ ಜನರ ಸ್ವಭಾವವೂ ಸೇರುವುದು.

ಆದರೆ ಆ ಮತದವರು ಮೊದಮೊದಲು ಏತಕ್ಕಾಗಿ ಸೇರುತ್ತಿದ್ದರೆಂಬುದನ್ನು ನೋಡಿದರೆ ವಿಷಯವು ಸ್ಪಷ್ಟವಾಗುವುದು. ಕ್ರಿಸ್ತಶಕ ಸುಮಾರು ೧೫೫ರಲ್ಲಿ ಜಸ್ಟಿನ್ ಎಂಬ ತತ್ತ್ವಜ್ಞನು ರೋಮಿನ ಚಕ್ರವರ್ತಿಯಾದ ಆಂಟೊನೈನಸ್ ಪಯಸನಿಗೆ ಒಂದು ವಿಜ್ಞಾಪನೆಯನ್ನು ಬರೆದನು. ಕ್ರೈಸ್ತರು ಗುಟ್ಟಾಗಿ ಕೂಡಿ ದುಷ್ಕೃತ್ಯಗಳನ್ನು ನಡೆಸುವರೆಂಬ ಅಪವಾದವನ್ನು ಕಳೆಯುವುದು ಅವನ ಉದ್ದೇಶ. ಆದುದರಿಂದ ಭಾನುವಾರದ ಕೂಟದಲ್ಲಿ ಏನೇನು ನಡೆಯುವುದೆಂಬುದನ್ನು ಮುಚ್ಚುಮರೆಯಿಲ್ಲದೆ ವಿವರಿಸಿದ್ದಾನೆ. ಪಟ್ಟಣದವರೂ ಹಳ್ಳಿಯವರೂ ಒಂದು ಕಡೆ ನೆರೆಯುವರು, ಗ್ರಂಥಪಠನ ನಡೆಯುವುದು, ಅಧ್ಯಕ್ಷನು ಉಪದೇಶಿಸುವನು, ಅನಂತರ ಎಲ್ಲರೂ ಒಟ್ಟಿಗೆ ಎದ್ದುನಿಂತು ಪ್ರಾರ್ಥಿಸುವರು. ರೊಟ್ಟಿ ಮತ್ತು ದ್ರಾಕ್ಷಾರಸವನ್ನು ತಂದಿರಿಸಿ ಅಧ್ಯಕ್ಷನು ಸ್ತೋತ್ರ ಮಾಡಿದ ಬಳಿಕ ನೆರೆದವರೆಲ್ಲರೂ 'ಆಮೆನ್' ಎನ್ನುವರು. ಈ ಹೀಬ್ರೂ ಶಬ್ದಕ್ಕೆ ಹಾಗೆಯೇ ಆಗಲಿ ಎಂದು ಅರ್ಥವೆಂದು ಜಸ್ಟಿನನೇ ಚಕ್ರವರ್ತಿಗೆ ತಿಳಿಸಿದ್ದಾನೆ. ನಮ್ಮ ತಥಾಸ್ತುವಿನ ಸಮೀಪದ ಶಬ್ದ. ಭೇದವೇನೆಂದರೆ, ತಥಾಸ್ತು ಎನ್ನುವವನು ವರ ಕೊಡುವವನು, ಆಮೆನ್ ಎನ್ನುವವರು ಬೇಡುವವರು. ಒಬ್ಬನ ಬೇಡಿಕೆಗೆ ಊರೆಲ್ಲವೂ ಸಹಿ ಹಾಕಿದಂತೆ.

ಇದಾದ ಮೇಲೆ ಜಸ್ಟಿನನು ಹೇಳುವ ಎರಡು ಸಂಗತಿಗಳು ನಮ್ಮ ಮನಸ್ಸಿಗೆ ಬಹಳವಾಗಿ ಹಿಡಿದವು. ಕೂಟಕ್ಕೆ ಬರಲಾಗದವರ ಪಾಲನ್ನು ಸೇವಕರು ಅವರವರ ಮನೆಗಳಿಗೆ ಒಯ್ದು ಮುಟ್ಟಿಸುತ್ತಿದ್ದರು. ಉಳ್ಳವರು ಇಷ್ಟಪೂರ್ವಕವಾಗಿ ಕೊಟ್ಟ ದ್ರವ್ಯವನ್ನು ಅಧ್ಯಕ್ಷನ ವಶದಲ್ಲಿಟ್ಟು, ಅದರಿಂದ ಅನಾಥರು, ವಿಧವೆಯರು, ರೋಗಿಗಳು, ಸೆರೆಯಲ್ಲಿದ್ದವರು, ಪರಸ್ಥಳದಿಂದ ಬಂದವರು ಇವರ ಪೋಷಣೆಯನ್ನು ನಡಸುತ್ತಿದ್ದರು. ಒಳಕೋಣೆಯ ಪ್ರಾರ್ಥನೆಯಲ್ಲಿ ಯಾವ ವಿಧವೆಯ ಹೆಸರೂ ನಮ್ಮ ಕಿವಿಗೆ ಬೀಳುವ ಸಂಭವವಿಲ್ಲ. ನಮಗೆ ಗೊತ್ತಿರುವ ಕಷ್ಟಗಳನ್ನೇ ನಾವು ದೇವರಿಗೆ ಹೇಳಿಕೊಳ್ಳುವೆವು. ಸಭೆಯಲ್ಲಿಯಾದರೋ ನಮಗೆ ಗೊತ್ತಿಲ್ಲದವರ ಕಷ್ಟವೂ ನಮ್ಮ ಬಾಯಿಂದ ಹೊರಡಬೇಕಾಗುವುದು. ನಮ್ಮ ನೆರೆಯವರ ದೇವಾಲಯದಲ್ಲಿ ಬೋಧಕರು ರೋಗಿಗಳ ಹೆಸರುಗಳನ್ನು ಓದಿ ಪ್ರಾರ್ಥಿಸುವ ಪದ್ಧತಿಯಿದೆ. ಭಾನುವಾರ ಹೆಸರು ಓದಿದರೆ ಸೋಮವಾರ ಆ ಮನೆಗೆ ಗಂಜಿಯ ಪಾತ್ರೆಯೊಂದು ಹೋಗುವುದನ್ನು ನಾವು ಈ ಜಗಲಿಯಿಂದಲೇ ಅನೇಕಾವರ್ತಿ ಕಂಡಿದ್ದೇವೆ.

ಇನ್ನೊಂದು ಗುಣವನ್ನು ನಮಗೆ ತಿಳಿಸಿದವರು ಆ ತಾಯಿಯೇ. ಕೆಲವು ವರ್ಷಗಳ ಹಿಂದೆ ಅವರಿಗೆ ಪತಿವಿಯೋಗವಾಯಿತು. "ಎರಡು ತಿಂಗಳು ನನ್ನ ಬಾಯಿಂದ ಪ್ರಾರ್ಥನೆಯೇ ಹೊರಡಲಿಲ್ಲ ಮೇಷ್ಟ್ರೇ. ದೇವರ ಮೇಲೆ ಕೋಪವಿತ್ತು. ಆದರೂ ಹೋಗಿ ಕೂತುಕೊಳ್ಳುತ್ತಿದ್ದೆ. ಪಕ್ಕದವರು ಹೇಳುತ್ತಿದ್ದರು, ನಾನು ಕೇಳುತ್ತಿದ್ದೆ. ಒಂದು ಭಾನುವಾರ ನನಗರಿಯದಂತೆ ನಾನೂ ಹೇಳುತ್ತಿದ್ದೆ" ಎಂದರು. ಏಕಾಂತದ ಪ್ರಾರ್ಥನೆಯು ಮಾಡುವವನ ಶಕ್ತಿಯಿರುವಷ್ಟು ಕಾಲ ಮಾತ್ರ ನಡೆಯುವುದು. ಶೋಕದಲ್ಲಿಯೂ ಸಂಶಯದಲ್ಲಿಯೂ ಆ ಶಕ್ತಿಯು ಉಡುಗಿದಾಗ ಬಾಗಿಲು ಮುಚ್ಚಿದ ಕೋಣೆಯಲ್ಲಿ ಮೌನವೊಂದೇ ಉಳಿಯುವುದು. ಸಭೆಯಲ್ಲಿ ಹಾಗಲ್ಲ, ಒಬ್ಬರ ಗಂಟಲು ಕಟ್ಟಿದಾಗ ಹತ್ತು ಗಂಟಲುಗಳು ಪಾಠವನ್ನು ಮುಂದುವರಿಸುವುವು. ಮಗನಿಗೆ ಈಗ ಇಪ್ಪತ್ತಾರು ವರ್ಷ, ಗಂಟಲು ಚೆನ್ನಾಗಿದೆ. ಆದಕಾರಣ ಅವನಿಗೆ ಇದು ತಿಳಿಯದಿರುವುದು ಆಶ್ಚರ್ಯವೇನಲ್ಲ.

ಹೆಚ್ಚು ಜನರು ಬೇಕೆಂಬ ನಿಯಮವೂ ಅವರಲ್ಲಿಲ್ಲ. ಯೆಹೂದ್ಯರ ಸಂಪ್ರದಾಯದಲ್ಲಿ ಸಭಾಪ್ರಾರ್ಥನೆಗೆ ೧೦ ಮಂದಿ ಬೇಕು. ಮತ್ತಾಯನ ೧೮ನೆಯ ಅಧ್ಯಾಯದಲ್ಲಿ ಇಬ್ಬರು ಮೂವರು ನೆರೆದರೂ ಸಾಕೆಂಬ ಅಭಯವುಂಟು. ಒಬ್ಬನೇ ಸಾಕೆಂದು ಮಾತ್ರ ಅಲ್ಲಿ ಹೇಳಿಲ್ಲ.

ಕೂಟವು ನಿಂತುಹೋದರೆ ಏನಾಗುವುದೆಂಬುದರ ರುಚಿಯನ್ನು ೨೦೨೦ರಲ್ಲಿ ಎಲ್ಲರೂ ಕಂಡರು. ಸಾಂಕ್ರಾಮಿಕದ ನಿಮಿತ್ತ ಆ ವರ್ಷ ಮಾರ್ಚ್ ತಿಂಗಳಲ್ಲಿ ದೇಶದ ಎಲ್ಲ ಮತಗಳ ಮಂದಿರಗಳೂ ಮುಚ್ಚಿದುವು. ಏಪ್ರಿಲ್ ೧೨ರಂದು ಬಂದ ಈಸ್ಟರ್ ಹಬ್ಬವನ್ನು ನೆರೆಮನೆಯವರು ಮೊಬೈಲ್ ಫೋನಿನ ಮುಂದೆ ಕುಳಿತು ಆಚರಿಸಿದರು. ಬೋಧಕರ ಮಾತು ಸ್ಫುಟವಾಗಿಯೇ ಕೇಳುತ್ತಿತ್ತು. ಆದರೆ ಹಾಡುವ ಹೊತ್ತಿಗೆ ಒಬ್ಬರ ದನಿ ಒಬ್ಬರಿಗಿಂತ ಹಿಂದುಮುಂದಾಗಿ ಬಂದು ಗೊಂದಲವಾದ್ದರಿಂದ, ಎಲ್ಲರೂ ತಂತಮ್ಮ ಧ್ವನಿಯನ್ನು ನಿಲ್ಲಿಸಿಕೊಳ್ಳಬೇಕೆಂದು ಅಪ್ಪಣೆಯಾಯಿತು. ಪ್ರತಿ ಮನೆಯವರೂ ಆಮೆನ್ ಎಂದರು. ಒಬ್ಬರದು ಒಬ್ಬರಿಗೆ ಕೇಳಿಸಲಿಲ್ಲ. ಉಪದೇಶಕ್ಕೆ ಯಂತ್ರವು ಸಾಕಾಯಿತು, ಪ್ರಾರ್ಥನೆಗೆ ಸಾಲದಾಯಿತು ಎಂಬುದು ನಮ್ಮ ಅಭಿಪ್ರಾಯ. ಹಾಸಿಗೆ ಬಿಟ್ಟು ಏಳಲಾರದ ವೃದ್ಧರಿಗೆ ಆ ಯಂತ್ರವು ಈಗಲೂ ಉಪಕಾರಿಯೇ ಆಗಿದೆಯೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ.

ಇದು ಕೆಲವು ತಿಂಗಳುಗಳ ಮಾತಾಯಿತು. ಕೂಡುವುದೇ ಮರಣದಂಡನೆಗೆ ಯೋಗ್ಯವಾದ ಅಪರಾಧವಾಗಿ ಎರಡೂವರೆ ಶತಮಾನ ಕಳೆದ ದೇಶವೊಂದುಂಟು. ಗೋವೆಯಲ್ಲಿ ಯಾರ ದೇಹವನ್ನು ಇಂದಿಗೂ ಕಾಪಾಡಿದ್ದಾರೆಯೋ ಆ ಫ್ರಾನ್ಸಿಸ್ ಝೇವಿಯರನು ೧೫೪೯ರಲ್ಲಿ ಜಪಾನಿಗೆ ಹೋಗಿ ಕ್ರೈಸ್ತಮತವನ್ನು ಬೋಧಿಸಿದನು. ಸಹಸ್ರಾರು ಜನರು ಅದನ್ನು ಸ್ವೀಕರಿಸಿದರು. ೧೬೧೪ರಲ್ಲಿ ಅಲ್ಲಿನ ಸರ್ಕಾರವು ಮತವನ್ನೇ ನಿಷೇಧಿಸಿತು. ಪಾದ್ರಿಗಳನ್ನು ಹೊರಡಿಸಿದರು, ಅಡಗಿ ಉಳಿದವರನ್ನು ಹುಡುಕಿ ಕೊಂದರು, ೧೬೪೪ರಲ್ಲಿ ಕಡೆಯ ಪಾದ್ರಿಯೂ ಹತನಾದನು. ನಾಗಸಾಕಿಯ ಪ್ರಾಂತದಲ್ಲಿ ಜನರನ್ನು ವರ್ಷವರ್ಷವೂ ಕರೆಸಿ, ಕ್ರಿಸ್ತನ ಅಥವಾ ಮರಿಯಮ್ಮನ ಬಿಂಬವನ್ನು ಕಾಲಿನಿಂದ ತುಳಿಸಿ ಪರೀಕ್ಷಿಸುತ್ತಿದ್ದರು.

ಗುರುವಿಲ್ಲ, ದೇವಾಲಯವಿಲ್ಲ, ಪುಸ್ತಕವನ್ನು ಮನೆಯಲ್ಲಿಟ್ಟರೆ ಪ್ರಾಣಕ್ಕೆ ಅಪಾಯ. ಇಂಥ ಸ್ಥಿತಿಯಲ್ಲಿ ನಮ್ಮ ತರುಣನ ಮಾರ್ಗವೇ ಅವರಿಗೂ ಸುಲಭವಾಗಿತ್ತು: ಪ್ರತಿಯೊಬ್ಬನೂ ಮನಸ್ಸಿನಲ್ಲಿಯೇ ನೆನೆದುಕೊಂಡು ಇರಬಹುದಾಗಿತ್ತು. ಅವರು ಹಾಗೆ ಮಾಡಲಿಲ್ಲ. ನಾಗಸಾಕಿಯ ಹತ್ತಿರದ ಉರಕಾಮಿ ಎಂಬ ಗ್ರಾಮದಲ್ಲಿ ಗುಪ್ತವಾದ ಒಂದು ಕಟ್ಟುಪಾಡನ್ನು ಏರ್ಪಡಿಸಿಕೊಂಡರು. ಹಬ್ಬಗಳ ಮತ್ತು ಉಪವಾಸಗಳ ಲೆಕ್ಕವಿಡುವವನೊಬ್ಬ, ಶಿಶುಗಳಿಗೆ ಜಲಸ್ನಾನ ಮಾಡಿಸುವವನೊಬ್ಬ, ಮನೆಮನೆಗೆ ಸುದ್ದಿ ಮುಟ್ಟಿಸುವವನೊಬ್ಬ, ಹೀಗೆ. ಹೊರಗೆ ಬೌದ್ಧರಂತೆ ನಡೆಯುತ್ತ, ಕೂಟಗಳಲ್ಲಿ ಪ್ರಾರ್ಥನೆಗಳನ್ನು ಬಾಯಿಪಾಠವಾಗಿ ಹೇಳಿಕೊಳ್ಳುತ್ತಿದ್ದರು. ಈ ಪ್ರಾರ್ಥನೆಗಳಿಗೆ 'ಒರಾಶೋ' ಎಂದು ಹೆಸರು. ಪ್ರಾರ್ಥನೆಯೆಂಬರ್ಥದ ಲ್ಯಾಟಿನ್ ಶಬ್ದದ ಅಪಭ್ರಂಶ. ಕಾಲಕ್ರಮದಲ್ಲಿ ಅವುಗಳೊಳಗಿನ ಲ್ಯಾಟಿನ್ ಮತ್ತು ಪೋರ್ಚುಗೀಸ್ ಪದಗಳು ಸವೆದು, ಎಷ್ಟೋ ಕಡೆ ಅರ್ಥವು ಮರೆತೇಹೋಯಿತು. ಆದರೂ ಪಾಠವು ಬಿಡಲಿಲ್ಲ.

ವೇದಪಾಠವನ್ನು ಕಂಡವರಿಗೆ ಇದರ ಮರ್ಮವು ಒಡನೆ ಹೊಳೆಯುವುದು. ಒಬ್ಬನೇ ಕಂಠಸ್ಥ ಮಾಡಿದ ಪಾಠಕ್ಕೆ ಒಂದೇ ತಲೆಮಾರಿನಲ್ಲಿ ಅಪಾಯವುಂಟು. ಅಕ್ಷರ ತಪ್ಪಿದರೆ ಹೇಳುವವರಿಲ್ಲ, ಆತನು ಸತ್ತರೆ ಕೇಳುವವರಿಲ್ಲ. ಹತ್ತು ಮಂದಿ ಕುಳಿತು ಹೇಳಿದಾಗ ಒಬ್ಬನ ಮರವೆಯನ್ನು ಇನ್ನೊಬ್ಬನ ನೆನಪು ತಿದ್ದುವುದು. ಅರ್ಥಜ್ಞಾನವಿಲ್ಲದ ಪಾಠವನ್ನು ನಮ್ಮ ಯಾಸ್ಕಾಚಾರ್ಯರು ಹೊರೆ ಹೊತ್ತ ಕಂಬಕ್ಕೆ ಹೋಲಿಸಿ ಹಳಿದಿದ್ದಾರೆ, ದಿಟ. ಆದರೆ ಮನೆಯು ನಿಲ್ಲುವುದೂ ಕಂಬದ ಮೇಲೆಯೇ ಎಂದು ವಿನಯದಿಂದ ಅರಿಕೆ ಮಾಡಬಹುದು.

ಫಲವನ್ನು ಕೇಳಿರಿ. ಜಪಾನು ಪರದೇಶದವರಿಗೆ ಬಾಗಿಲು ತೆರೆದ ಮೇಲೆ, ನಾಗಸಾಕಿಯಲ್ಲಿದ್ದ ಪರದೇಶೀಯರಿಗಾಗಿ ಫ್ರೆಂಚ್ ಪಾದ್ರಿಗಳು ಓವುರ ಎಂಬಲ್ಲಿ ಒಂದು ದೇವಾಲಯವನ್ನು ಕಟ್ಟಿದರು. ೧೮೬೫ನೆಯ ಮಾರ್ಚ್ ೧೭ರಂದು ಉರಕಾಮಿಯ ಕೆಲವು ಗ್ರಾಮಸ್ಥರು ಅದರ ಬಾಗಿಲಿಗೆ ಬಂದರು. ಪೆತಿಜಾನ್ ಎಂಬ ಪಾದ್ರಿಯು ಪ್ರಾರ್ಥಿಸುತ್ತಿದ್ದಾಗ ಒಬ್ಬ ಹೆಂಗಸು ಹತ್ತಿರಕ್ಕೆ ಬಂದು, ತಮ್ಮ ಹೃದಯವೂ ಅವರ ಹೃದಯವೂ ಒಂದೇ ಎಂದು ಮೆಲ್ಲನೆ ತಿಳಿಸಿ, ಮರಿಯಮ್ಮನ ಮೂರ್ತಿಯು ಎಲ್ಲಿರುವುದೆಂದು ಕೇಳಿದಳು. ತಾವು ಆಗ ದುಃಖದ ಕಾಲವನ್ನು ಆಚರಿಸುತ್ತಿರುವುದಾಗಿಯೂ ಅವರು ಹೇಳಿದರು. ಈಸ್ಟರಿನ ಮುಂಚಿನ ತಪಸ್ಸಿನ ಕಾಲವದು. ಪಾದ್ರಿಯ ಪಂಚಾಂಗದಲ್ಲಿಯೂ ಅದೇ ಕಾಲವು ನಡೆಯುತ್ತಿತ್ತು! ೨೨೧ ವರ್ಷಗಳ ಕಾಲ ಒಬ್ಬ ಪಾದ್ರಿಯ ಮುಖವನ್ನೂ ಕಾಣದ ರೈತರು ತಿಥಿಯನ್ನು ತಪ್ಪಿಸಿರಲಿಲ್ಲ. ಪಂಚಾಂಗದ ಲೆಕ್ಕವೆಷ್ಟು ಜಟಿಲವೆಂಬುದನ್ನು ಬಲ್ಲ ನಮಗೆ ಇದನ್ನು ಓದಿದಾಗ ರೋಮಾಂಚನವಾಯಿತು.

ನಿಷೇಧವು ಆಗಲೂ ಜಾರಿಯಲ್ಲಿಯೇ ಇತ್ತು. ಹೊರಬಿದ್ದುದಕ್ಕಾಗಿ ಆ ಗ್ರಾಮದ ಸುಮಾರು ೩,೪೦೦ ಮಂದಿಯನ್ನು ದೂರದೂರದ ಪ್ರಾಂತಗಳಿಗೆ ಗಡೀಪಾರು ಮಾಡಿದರು. ೬೦೦ಕ್ಕೂ ಮೇಲ್ಪಟ್ಟು ಜನರು ಅಲ್ಲಿಯೇ ಮಡಿದರು. ೧೮೭೩ರಲ್ಲಿ ನಿಷೇಧವು ತೊಲಗಿ ಉಳಿದವರು ಹಿಂತಿರುಗಿದರು. ಅವರು ಕಟ್ಟಿದ ಮಹಾದೇವಾಲಯವು ೧೯೪೫ನೆಯ ಆಗಸ್ಟ್ ೯ರಂದು ಪರಮಾಣು ಬಾಂಬಿನಿಂದ ನಾಶವಾಯಿತು. ಅದೇ ನವೆಂಬರ್ ತಿಂಗಳಲ್ಲಿ, ಆ ಹಾಳುಗೋಡೆಗಳ ಬಳಿಯಲ್ಲಿ, ಉಳಿದವರು ಮತ್ತೆ ನೆರೆದು ಸತ್ತವರಿಗಾಗಿ ಪ್ರಾರ್ಥಿಸಿದರು.

ನಿಷೇಧವು ಹೋದಮೇಲೂ ಕೆಲವು ಗುಂಪಿನವರು ಪಾದ್ರಿಗಳ ಸಭೆಗೆ ಸೇರದೆ, ಹಿರಿಯರು ನಡೆಸಿದ ಕ್ರಮವನ್ನೇ ಹಿಡಿದರು. ಇಕಿತ್ಸುಕಿ ಎಂಬ ದ್ವೀಪದಲ್ಲಿ ಅಂಥವರು ಈಗಲೂ ಒರಾಶೋವನ್ನು ಹೇಳುತ್ತಾರೆ. ಇಂದು ಅವರನ್ನು ತಡೆಯುವ ಅಧಿಕಾರಿಯಿಲ್ಲ. ಗುಪ್ತ ಕ್ರೈಸ್ತರಿಗೆ ಸಂಬಂಧಪಟ್ಟ ನಾಗಸಾಕಿ ಸೀಮೆಯ ಸ್ಥಳಗಳು ೨೦೧೮ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಯನ್ನೂ ಸೇರಿವೆ. ಆದರೆ ದ್ವೀಪದ ಮಕ್ಕಳು ಉದ್ಯೋಗಕ್ಕಾಗಿ ಪಟ್ಟಣಗಳನ್ನು ಸೇರಿದ್ದಾರೆ. ಪಾಠ ಬಲ್ಲವರು ವೃದ್ಧರಾಗಿದ್ದಾರೆ. ಕೂಡುವುದಕ್ಕೆ ಜನರಿಲ್ಲದೆ ಗುಂಪುಗಳು ಒಂದೊಂದಾಗಿ ಮುಗಿಯುತ್ತಿವೆ. ಹಾಗೆ ಮುಗಿದ ಕೆಲವು ಗುಂಪುಗಳ ಪೂಜಾವಸ್ತುಗಳು ಈಗ ಆ ದ್ವೀಪದ ವಸ್ತುಸಂಗ್ರಹಾಲಯದಲ್ಲಿ ಇವೆ.