ಅಳಿಸುವ ಮುನ್ನ ಒಂದು ವರ್ಷ ಕಾಯೋಣ

ಒಣಗಿದ ನೆರಳುಮರವನ್ನು ಕಡಿಯುವ ಮುನ್ನ ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿಯನ್ನು ನೋಡಿಕೊಳ್ಳಬೇಕೆಂಬುದು ಬೆಳೆಗಾರರೆಲ್ಲ ಬಲ್ಲ ಮಾತು. ಸಂಘಗಳ ಕಂಪ್ಯೂಟರಿಗೂ ಈ ಮಾತು ಸಲ್ಲುತ್ತದೆ.

ವಿಂಡೋಸ್ ಸರ್ವರ್ 2012ಕ್ಕೆ ತಯಾರಕರು ನೀಡುತ್ತಿದ್ದ ಸಾಮಾನ್ಯ ಬೆಂಬಲ 2023ರ ಅಕ್ಟೋಬರ್ 10ರಂದು ಮುಗಿಯಿತು. ಅದನ್ನು ನೆಚ್ಚಿದ್ದ ಕಚೇರಿಗಳು ಹೊಸ ಸರ್ವರಿಗೆ, ಕೆಲವು ಹೊಸ ಡೊಮೇನಿಗೂ, ಸ್ಥಳಾಂತರವಾಗಬೇಕಾಯಿತು. ಆದರೆ ಎಲ್ಲರೂ ಹಂಚಿಕೊಂಡು ಬಳಸುತ್ತಿದ್ದ ಹಳೆಯ ಫೋಲ್ಡರುಗಳು ಹಿಂದೆ ಉಳಿಯುತ್ತವೆ. ಅವನ್ನು ತೆರೆದಿಟ್ಟು ಮರೆಯುವುದು ತರವಲ್ಲ. 2017ರ ಮೇ ತಿಂಗಳಲ್ಲಿ ಲೋಕವನ್ನು ಕಾಡಿದ ವನ್ನಾಕ್ರೈ ಪಿಡುಗು ಹರಡಿದ್ದು ಫೋಲ್ಡರ್ ಹಂಚಿಕೆಯ ಹಳೆಯ ಏರ್ಪಾಡಿನಲ್ಲಿದ್ದ ದೋಷದಿಂದಲೇ. ಹಾಗೆಂದು ಒಂದೇ ಸಂಜೆಯಲ್ಲಿ ಎಲ್ಲವನ್ನೂ ಅಳಿಸುವುದು ಇನ್ನೂ ದೊಡ್ಡ ತಪ್ಪೆಂಬುದು ನಮ್ಮ ಅಭಿಪ್ರಾಯ.

ತೂಕದ ಚೀಟಿಯ ಫೋಲ್ಡರನ್ನು ದಿನವೂ ತೆರೆಯುತ್ತಾರೆ. ಷೇರು ಲಾಭಾಂಶದ ಪಟ್ಟಿಯನ್ನು ವರ್ಷಕ್ಕೊಮ್ಮೆ. ತಿಂಗಳಿಂದ ಯಾರೂ ಮುಟ್ಟಿಲ್ಲವೆಂದ ಮಾತ್ರಕ್ಕೆ ಅದು ಬೇಡದ್ದಲ್ಲ. ಹಳೆಯ ಡೊಮೇನು ಹೋದ ಮೇಲೆ ಅನುಮತಿ ಪಟ್ಟಿಯಲ್ಲಿ ನೌಕರರ ಹೆಸರಿನ ಬದಲು ಎಸ್-1-5-21 ಎಂದು ಮೊದಲಾಗುವ ಉದ್ದನೆಯ ಸಂಖ್ಯೆ ಕಾಣಿಸುತ್ತದೆ. ಗುರುತು ತಪ್ಪಿದೆಯೆಂದು ಅದರ ಅರ್ಥವೇ ಹೊರತು, ಫೋಲ್ಡರು ವಾರಸುದಾರರಿಲ್ಲದ್ದೆಂದಲ್ಲ.

ಹಂಚಿಕೆ ನಿಲ್ಲಿಸುವುದು ಬೇರೆ, ಅಳಿಸುವುದು ಬೇರೆ. ನಿಲ್ಲಿಸಿದರೆ ಕಡತಗಳು ಇದ್ದಲ್ಲೇ ಇರುತ್ತವೆ. ಬೇಕೆಂದವರು ಬಂದರೆ ಮತ್ತೆ ತೆರೆಯಬಹುದು. ಆದರೆ ಇನ್ನೊಂದು ಕಂಪ್ಯೂಟರಿನಿಂದ ಜಾಲದ ಮೂಲಕ ಅಳಿಸಿದ್ದು ಸಾಮಾನ್ಯವಾಗಿ ಕಸದ ಬುಟ್ಟಿಗೂ ಬೀಳದೆ ನೇರ ಮಾಯವಾಗುತ್ತದೆ.

ಆದ್ದರಿಂದ ಮೊದಲು ಫೋಲ್ಡರುಗಳ ಪಟ್ಟಿ ಮಾಡಿ, ಪ್ರತಿಯೊಂದಕ್ಕೂ ಜವಾಬ್ದಾರರ ಹೆಸರು ಬರೆಯಲಿ. ಅನುಮತಿಗಳ ವಿವರವನ್ನೂ ಬರೆದಿಡಲಿ. ಪ್ರತಿ ತೆಗೆದು, ಅದರಿಂದ ಒಂದೆರಡು ಕಡತಗಳನ್ನು ಮರಳಿ ತೆರೆದು ಪರೀಕ್ಷಿಸಲಿ. ಬಳಿಕ ಹಂಚಿಕೆ ನಿಲ್ಲಿಸಿ, ಮಾರ್ಚ್ 31ರ ವರ್ಷಾಂತ್ಯವೂ ಅದರ ಲೆಕ್ಕಪರಿಶೋಧನೆಯೂ ಮುಗಿಯುವವರೆಗೆ ಕಾಯಲಿ. ಸಿಸ್‌ವಾಲ್, ನೆಟ್‌ಲಾಗಾನ್ ಎಂಬ ಹಂಚಿಕೆಗಳು ಮಾತ್ರ ಡೊಮೇನಿನ ಆಧಾರ; ಅನಾಥವೆಂದು ಭಾವಿಸಿ ಅವಕ್ಕೆ ಕೈ ಹಚ್ಚಕೂಡದು. ಸಿಸ್‌ವಾಲ್ ಒಳಗಿನ ಕೆಲವು ಫೋಲ್ಡರುಗಳು ಬೇರೆಡೆಯ ಫೋಲ್ಡರಿಗೆ ಇಟ್ಟ ಬಾಗಿಲುಗಳಷ್ಟೆ. ನಕಲೆಂದು ಒಳಗಿನದನ್ನು ಅಳಿಸಿದರೆ ಅಸಲೇ ಹೋದೀತು.

ಸರ್ವರ್ ಕೂರಿಸಿದ ಗುತ್ತಿಗೆದಾರರು ಬಿಲ್ಲು ಪಡೆದು ಹೋಗುತ್ತಾರೆ. ಸದಸ್ಯನ ಜಮಾಖರ್ಚಿಗೆ ಉತ್ತರ ಹೇಳಬೇಕಾದವರು ಉಳಿಯುತ್ತಾರೆ. ಹಳೆಯ ಲೆಜರನ್ನು ಆಡಳಿತ ಮಂಡಳಿಯ ಠರಾವಿಲ್ಲದೆ ಸುಡುವುದಿಲ್ಲ. ಫೋಲ್ಡರಿಗೂ ಅದೇ ನಿಯಮವಿರಲಿ ಎಂದು ಸಂಘಗಳನ್ನು ಒತ್ತಾಯಿಸುತ್ತೇವೆ.